ಚೊಚ್ಚಲ ಹೆರಿಗೆಯ ಶುಲ್ಕ

ಅಮ್ಮಿಯ ಹಟಕ್ಕೆ ಮದ್ದಿರಲಿಲ್ಲ. ಮೊದಲ ಹೆರಿಗೆ ತವರಲ್ಲೇ ಆಗಬೇಕು, ಅಷ್ಟೇ. ಅಣ್ಣ ಮದುವೆಯಾದದ್ದು ನಮ್ಮ ಸೋದರಮಾವನ ಮಗಳನ್ನು. ಅತ್ತಿಗೆಯ ತವರು ಕರಾಚಿ. ಔರಾದದ ನಮ್ಮ ಮನೆಯಲ್ಲಿ ಆ ಊರಿನ ಹೆಸರು ಭಾಲ್ಕಿ, ಉದಗೀರದಷ್ಟೇ ಸಲೀಸಾಗಿ ಬಾಯಿಗೆ ಬರುತ್ತಿತ್ತು.

"ಮೊದಲ ಬಾಣಂತನ ನಾವ್ ಮಾಡಿದ್ರ ಮಂದಿ ಏನಂತಾರ? ಆಕಿ ತಾಯಿ ಏನ್ ಸತ್ತಾಳೇನು?" ಎಂದಳು ಅಮ್ಮಿ. ಮನೆಮಾತು ಉರ್ದುವಾದರೂ ಬೈಯುವಾಗ ಅವಳಿಗೆ ಕನ್ನಡವೇ ಬೇಕಿತ್ತು.

ನಾನಾಗ ಭಾಲ್ಕಿಯಲ್ಲಿ ಬಿ.ಎ. ಓದುತ್ತಿದ್ದೆ. ಮನೆಯಲ್ಲಿ ಕಾಗದಪತ್ರ ಓದಿ ತಿಳಿಯುವವಳು ನಾನೊಬ್ಬಳೇ. ಅಲ್ಲಿ ಹುಟ್ಟಿದ ಕೂಸಿಗೆ ಕಾಗದಪತ್ರದ ತೊಡಕು ಬರಬಹುದೆಂದು ಹೊಳೆದರೂ ಬಾಯಿ ಬಿಡಲಿಲ್ಲ. ಅತ್ತಿಗೆ ಹೋದರೆ ಪರೀಕ್ಷೆಗೆ ಓದಲು ಅವಳ ಕೋಣೆ ಸಿಗುತ್ತದೆಂಬ ಆಸೆ ನನಗೆ.

ಅಲ್ಲಿ ಹೆಣ್ಣು ಹುಟ್ಟಿತು. ಒಂದು ವರ್ಷದೊಳಗೆ ನಮ್ಮ ದೇಶದ ರಾಯಭಾರ ಕಚೇರಿಯಲ್ಲಿ ಶುಲ್ಕ ಕಟ್ಟಿ ಕೂಸಿನ ಹೆಸರು ಬರೆಸಬೇಕೆಂದು ಯಾರೋ ಅಣ್ಣನಿಗೆ ಹೇಳಿದರು. ಅಮ್ಮಿ ಅದಕ್ಕೂ ಅಡ್ಡ ಬಂದಳು.

"ಅಪ್ಪ ಔರಾದದಾಂವ ಇದ್ದಾನ. ಮಗಳು ಮತ್ತೆಲ್ಲಿಯಾಕಿ ಆಗ್ತಾಳ? ಇಲ್ಲಿ ಬಂದ ಮ್ಯಾಲ ಬರಸಿದ್ರಾತು."

ಬೇಗ ಕರೆತರುವ ಅವಸರದಲ್ಲಿ ಕೂಸಿಗೆ ಅಲ್ಲಿಯ ಪಾಸ್‌ಪೋರ್ಟನ್ನೇ ಮಾಡಿಸಿದರು. ಹೀಗೆ ನನ್ನ ಅಣ್ಣನ ಮಗಳು ತನ್ನ ಅಪ್ಪನ ಮನೆಗೆ ವೀಸಾ ಹಾಕಿಸಿಕೊಂಡು ಬಂದಳು.

ಆಮೇಲೆ ಶುರುವಾಯಿತು ಬೀದರಿನ ವಿದೇಶಿಯರ ನೋಂದಣಿ ಕಚೇರಿಗೆ ಓಡಾಟ. ವೀಸಾದ ಅವಧಿ ಮುಗಿದಾಗಲೆಲ್ಲ ತಾಯಿ ಮಗಳಿಬ್ಬರದೂ ಅರ್ಜಿ, ಫೋಟೊ, ಶುಲ್ಕ. ತಡವಾದರೆ ಮೇಲೆ ದಂಡ. ಎರಡನೆಯವನು ಬೀದರಿನ ಆಸ್ಪತ್ರೆಯಲ್ಲೇ ಹುಟ್ಟಿದ, ಅವನಿಗೆ ಯಾವ ತಾಪತ್ರಯವೂ ಇರಲಿಲ್ಲ. ಹುಡುಗಿಯ ತಾಟಿಗೆ ಇನ್ನೊಂದು ರೊಟ್ಟಿ ಬಿದ್ದರೆ ಅಮ್ಮಿ, "ಈಕಿ ಉಂಡಿದ್ದಕ್ಕಿಂತ ಸರ್ಕಾರಕ್ಕ ಕಟ್ಟಿದ್ದೇ ಜಾಸ್ತಿ ಆತು" ಎನ್ನುತ್ತಿದ್ದಳು. ಹುಡುಗಿ ರೊಟ್ಟಿ ಮುರಿದು ಅರ್ಧ ತಮ್ಮನಿಗೆ ಕೊಡುತ್ತಿದ್ದಳು. ನಾವೆಲ್ಲ ನಗುತ್ತಿದ್ದೆವು. ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ.

ಏಳು ವರ್ಷ ಕಳೆದ ಮೇಲೆ ಅತ್ತಿಗೆ ಪೌರತ್ವಕ್ಕೆ ಅರ್ಜಿ ಹಾಕಬಹುದೆಂದಾಯಿತು. ಮಗಳದ್ದೂ ಜೊತೆಗೇ ಹಾಕಿರೆಂದು ಗುಮಾಸ್ತರೇ ಹೇಳಿದರು. ಅಮ್ಮಿಯ ವಿಚಾರವೇ ಬೇರೆ: ಹೆಣ್ಣುಮಗಳು, ಹೇಗೂ ಇನ್ನೊಬ್ಬರ ಮನೆಗೆ ಹೋಗುವವಳು, ಅವಳ ಶುಲ್ಕ ಗಂಡನ ಮನೆಯವರೇ ಕಟ್ಟಲಿ. ಅಣ್ಣ ಹೆಂಡತಿಯ ಅರ್ಜಿಯನ್ನಷ್ಟೇ ಕೊಟ್ಟು ಬಂದ. ಅತ್ತಿಗೆ ಭಾರತೀಯಳಾದಳು. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ನಂಬರು ತರುತ್ತಿದ್ದ ಹುಡುಗಿ ಮಾತ್ರ ವಿದೇಶಿಯಾಗಿ ಉಳಿದಳು.

ಅವಳಿಗೆ ಇಪ್ಪತ್ತೆರಡಾದಾಗ, ಮದುವೆಯಾಗಿ ಭಾಲ್ಕಿಯಲ್ಲೇ ನೆಲೆಸಿದ್ದ ನನಗೆ ಹತ್ತೊಂಬತ್ತರ ಮಗಳಿದ್ದಳು. ನೌಬಾದದಿಂದ ಹೆಣ್ಣು ನೋಡಲು ಬಂದವರು ಚಹಾ ಮುಗಿಸಿ, "ನಿಮ್ಮ ಅಣ್ಣಾವ್ರ ಮನಿಗಿ ಪೊಲೀಸರು ವಿಚಾರಣಿಗಿ ಬರ್ತಾರಂತಲ್ರಿ, ಯಾಕ್ರಿ?" ಎಂದು ಕೇಳಿದರು. ಅಣ್ಣನ ಮಗಳ ವೀಸಾದ ವಿಚಾರಣೆಗೆಂದು ಹೇಳದೆ ನಾನು ಖಾಲಿ ಕಪ್‌ಬಸಿ ಎತ್ತಿಕೊಂಡು ಒಳಗೆ ಹೋದೆ.

ಅದೇ ಹೊತ್ತಿಗೆ ಕರಾಚಿಯಲ್ಲಿ ಅತ್ತಿಗೆಯ ತಾಯಿ ಹಾಸಿಗೆ ಹಿಡಿದರು. ಅತ್ತಿಗೆಗೆ ಈಗ ಅಲ್ಲಿಯ ವೀಸಾ ಸಿಗಲಿಲ್ಲ. ಹುಡುಗಿಯ ಪಾಸ್‌ಪೋರ್ಟು ಅಲ್ಲಿಯದೇ ಆದ್ದರಿಂದ ಅವಳು ಹೋಗಿ ಒಂದು ತಿಂಗಳು ಅಜ್ಜಿಯನ್ನು ನೋಡಿಕೊಂಡು ಬರುವುದೆಂದು ತೀರ್ಮಾನವಾಯಿತು. ಮರಳಿ ಬರಬೇಕಾದರೆ ಹೊರಡುವ ಮೊದಲೇ ಬೇರೆ ಅನುಮತಿ, ಬೇರೆ ಶುಲ್ಕ. ಅಣ್ಣ ಆ ದುಡ್ಡನ್ನು ಔರಾದದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕೈಗಿಟ್ಟ.

ಆದರೆ ಹಿಂದಿನ ದಿನವೇ ಅಮ್ಮಿ ನನ್ನನ್ನು ಒಳಗೆ ಕರೆದು ಹೇಳಿದ್ದಳು: "ಬರೂದಕ್ಕ ಕಟ್ಟಬ್ಯಾಡ. ಅಲ್ಲೇ ಆಕಿ ಮಾಮಾ ಏನರ ದಾರಿ ಮಾಡ್ತಾನ. ನಿನ್ನ ಮಗಳ ಲಗ್ನಾನೂ ಆಗ್ತದ." ನನ್ನ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ.

ಬೀದರಿನ ಕಚೇರಿಯಲ್ಲಿ ಗುಮಾಸ್ತರು ತಲೆ ಎತ್ತದೆ ಕೇಳಿದರು: "ಹೋಗಿ ಬರೂದಕ್ಕೇನ್ರಿ, ಬರೇ ಹೋಗೂದಕ್ಕೇನ್ರಿ?"

"ಬರೇ ಹೋಗೂದಕ್ಕರಿ," ಎಂದೆ.

ಹುಡುಗಿ ನನ್ನ ಪಕ್ಕದಲ್ಲೇ ನಿಂತಿದ್ದಳು. ನನ್ನ ಮುಖ ನೋಡಿದಳು. ಅರ್ಜಿ ಎಳೆದುಕೊಂಡು ಪೂರ್ತಿ ಓದಿದಳು. ಅತ್ತರೆ ಗದರಿಸಿ ಸುಮ್ಮನಾಗಿಸಲು ನಾನು ತಯಾರಾಗಿದ್ದೆ. ಅವಳು ಅಳಲಿಲ್ಲ.

"ಇದಕ್ಕ ಶುಲ್ಕ ಎಷ್ಟ್ರಿ ಸರ?"

"ಹೋಗೂದಕ್ಕ ಏನೂ ಇಲ್ಲವ್ವಾ," ಎಂದರು ಅವರು.

ಅವಳು ರುಜು ಹಾಕಿದಳು.

ಸಂಜೆ ಔರಾದಕ್ಕೆ ಮರಳಿದಾಗ ಅಣ್ಣ ಅಂಗಳದಲ್ಲೇ ಕಾಯುತ್ತಿದ್ದ. "ಬರೂದರ ರಸೀದಿ ಎಲ್ಲಿ?" ಎಂದ. ಹುಡುಗಿ ಚಪ್ಪಲಿ ಬಿಡುತ್ತ, "ಆಮ್ಯಾಲ ಕಳಸ್ತಾರಂತ ಅಬ್ಬಾ, ಫುಪ್ಪು ಕಟ್ಯಾಳ" ಎಂದಳು. ನಾನು ಅವಳ ಫುಪ್ಪು, ಅಪ್ಪನ ತಂಗಿ.

ಅವಳು ಹೋಗಿ ಎರಡು ವರ್ಷವಾಯಿತು. ಆ ದುಡ್ಡು ನನ್ನ ಮಗಳ ಮದುವೆಯ ಬಟ್ಟೆಗೆ ಹೋಯಿತು. ಅಣ್ಣ ಈಗಲೂ ಭಾಲ್ಕಿಗೆ ಫೋನ್ ಮಾಡಿ, ರಸೀದಿ ಬಂತೇನವಾ ಎಂದು ಕೇಳುತ್ತಾನೆ. ವಿಚಾರಿಸ್ತೇನಿ ಎನ್ನುತ್ತೇನೆ.