ಉಳುಕು ಬಿಡಿಸುವ ಕಾಲು

ಮೊನ್ನೆ ಪಕ್ಕದ ಮನೆಯಾಕೆ ಬೆಚ್ಚಗಿನ ಹರಳೆಣ್ಣೆಯ ಬಟ್ಟಲು ಹಿಡಿದು ಬಂದರು. ನಾನು ಕಾಲು ಮುಂದಾಗಿ ಹುಟ್ಟಿದವಳೆಂದು ಯಾರೋ ಹೇಳಿದ್ದರಂತೆ. ಮೊಣಕಾಲು ಉಳುಕಿದೆ, ನಿಮ್ಮ ಕಾಲಿಂದ ಮೂರು ಸಲ ತಿಕ್ಕಿಬಿಡಿ ಎಂದರು. ಆ ಎಣ್ಣೆಯ ವಾಸನೆಗೆ ಹೊನ್ನಾಳಿಯ ಎದುರುಮನೆ ಅಕ್ಕ ಬಂದು ಮುಂದೆ ಕೂತಂತಾಯಿತು...

ಎಪ್ಪತ್ತರ ದಶಕದ ಕೊನೆ. ನಾನು ಹೈಸ್ಕೂಲು ಹುಡುಗಿ. ಹಾಗೆ ಹುಟ್ಟಿದವರ ಕಾಲು ಸೋಕಿದರೆ ಉಳುಕು ಬಿಡುತ್ತದೆಂದು ನಮ್ಮ ಕಡೆ ನಂಬಿಕೆ. ಉಳುಕಿದಾಗ ಎಲ್ಲರಿಗೂ ನಾನು ಬೇಕು. ಬಿಟ್ಟ ಮೇಲೆ, ಹೊಳೆ ದಾಟಿದವರಿಗೆ ಅಂಬಿಗನ ಹಂಗೇನು? ಗೆಳತಿಯರು ಒಬ್ಬರೂ ಇರಲಿಲ್ಲ. ಅಕ್ಕ ಹಾಗಲ್ಲ. ಇಪ್ಪತ್ತರ ಹರೆಯ, ಓಣಿಗೆಲ್ಲ ರವಿಕೆ ಹೊಲಿಯುವವಳು. ಮಿಷನ್ ತುಳಿದು ತುಳಿದು ಮೊಣಕಾಲು ಉಳುಕಿದೆ ಎಂದು ದಿನಾ ಸಂಜೆ ಕರೆಯುತ್ತಿದ್ದಳು. ತಿಕ್ಕಿದ ಮೇಲೆ ಅರ್ಧ ಗಂಟೆ ಹರಟೆ. ಆ ಅರ್ಧ ಗಂಟೆಗಾಗಿಯೇ ನಾನು ಇಡೀ ದಿನ ದೂಡುತ್ತಿದ್ದೆ.

ನನ್ನ ಮೊಣಕಾಲ ಕೆಳಗೂ ಅಡಿಕೆಯಷ್ಟು ಗಟ್ಟಿ ಗಂಟಿತ್ತು. ನೋವಿರಲಿಲ್ಲ. ಆದರೂ ಅವ್ವ ಹೆದರಿ ದಾವಣಗೆರೆಗೆ ಎಳೆದೊಯ್ದಳು. ಮೂಳೆ ಡಾಕ್ಟರು ಎಕ್ಸರೇಯನ್ನು ಬೆಳಕಿಗೆ ಹಿಡಿದು ನಕ್ಕರು.

"ಮೂಳೆಯಿಂದ ಚಿಗುರಿರೋ ಗಂಟು ಕಣಮ್ಮಾ. ನೀನು ಬೆಳೆಯೋದು ನಿಂತ್ರೆ ಅದೂ ನಿಲ್ಲುತ್ತೆ. ದಿನದಿಂದ ದಿನಕ್ಕೆ ಊದಿ, ಬಿಸಿಯಾಗಿ, ರಾತ್ರಿ ನಿದ್ದೆ ಕೆಡಿಸಿದ್ರೆ ಆಗ ಹೆದರಬೇಕು. ಅಂಥದ್ದನ್ನ ತಿಕ್ಕಲೇಬಾರದು."

ತಟ್ಟನೆ ಅಕ್ಕ ನೆನಪಾದಳು. ಅವಳ ಊದಿದ ಮೊಣಕಾಲಿನ ಬಿಸಿ ನನ್ನ ಅಂಗಾಲಿಗೆ ಹತ್ತುತ್ತಿತ್ತು. ರಾತ್ರಿಯೆಲ್ಲ ಕೂತೇ ಬೆಳಗು ಮಾಡುತ್ತೇನೆ ಎಂದು ಅವಳೇ ಹೇಳಿದ್ದಳು.

ಆದರೂ ಹೇಳಲಿಲ್ಲ. ಹೇಳಿದರೆ ಸಂಜೆ ನನ್ನನ್ನು ಕರೆಯುವವರು ಯಾರು? ಹದಿನೈದು ದಿನ ಬಾಯಿ ಹೊಲಿದುಕೊಂಡು ತಿಕ್ಕಿದೆ, ಆದಷ್ಟು ಹಗುರವಾಗಿ. ಕೊನೆಗೊಂದು ಸಂಜೆ ಅತ್ತು ಎಲ್ಲ ಹೇಳಿಬಿಟ್ಟೆ.

"ಅದಕ್ಯಾಕೆ ಅಳ್ತೀಯೇ? ನಿನ್ ಕಾಲಗುಣ ಚಲೋ ಐತೆ. ಡಾಕ್ಟ್ರಿಗೆ ತೋರ್ಸಾಕೆ ನೀನೂ ಬಾ," ಎಂದಳು ಅಕ್ಕ.

ಅದೇ ಡಾಕ್ಟರು ಅವಳ ಎಕ್ಸರೇ ನೋಡಿ ನಗಲಿಲ್ಲ. ಬೆಂಗಳೂರಿಗೆ ಕಳಿಸಿದರು. ಅಲ್ಲಿ ಮೂಳೆಯ ಚೂರು ತೆಗೆದು ಪರೀಕ್ಷೆ ಮಾಡಿದರು. ಕ್ಯಾನ್ಸರ್. ತೊಡೆಯಿಂದ ಕಾಲು ತೆಗೆದರು. ಊರಿಗೆ ಬಂದು ಒಂದೇ ಕಾಲಲ್ಲಿ ಮಿಷನ್ ತುಳಿದಳು. ವರ್ಷ ತುಂಬುವುದರೊಳಗೆ ಅದು ಶ್ವಾಸಕೋಶಕ್ಕೂ ಹಬ್ಬಿ, ಅಕ್ಕ ಹೋಗಿಬಿಟ್ಟಳು...

ಆ ಹದಿನೈದು ದಿನ ಮೊದಲೇ ಹೇಳಿದ್ದರೆ ಅವಳು ಉಳಿಯುತ್ತಿದ್ದಳೇ ಎಂದು ಡಾಕ್ಟರನ್ನು ಕೇಳುವ ಧೈರ್ಯ ನನಗೆ ಬರಲೇ ಇಲ್ಲ. ನನ್ನ ಗಂಟು ಇಂದಿಗೂ ಅಡಿಕೆಯಷ್ಟೇ ಇದೆ.

"ನಾನು ಕಾಲು ತಾಗಿಸಂಗಿಲ್ಲ ರೀ. ಮೊದ್ಲು ಎಕ್ಸರೇ ತೆಗೆಸ್ರಿ," ಎಂದೆ ಪಕ್ಕದ ಮನೆಯಾಕೆಗೆ. ಸೊಕ್ಕಿನವಳು ಎಂದುಕೊಂಡರೇನೋ, ಬಟ್ಟಲು ಎತ್ತಿಕೊಂಡು ಹೊರಟೇಬಿಟ್ಟರು. ಒಂದರ್ಧ ಗಂಟೆ ಕೂತು ಹೋಗಲಿ ಎಂದು ನನಗೆ ತುಂಬ ಆಸೆಯಿತ್ತು.