ತಮ್ಮನ ಗಾಲ್ಫ್ ಮೈದಾನ ನೋಡಲು ಹೋದದ್ದು

ನನ್ನ ತಮ್ಮ ಗಾಲ್ಫ್ ಮೈದಾನ ಮಾಡಿಸುತ್ತಿದ್ದಾನೆ ಎಂದು ಮರಳೂರಿನ ನೆಂಟರೊಬ್ಬರು ಹೇಳಿದಾಗ ನಗು ತಡೆಯಲು ಹೋಗಿ ಕಾಫಿ ನೆತ್ತಿಗೇರಿತು. ತಮ್ಮ ಎಂದರೆ ದೊಡ್ಡವ್ವನ ಮಗ. ನನ್ನ ತಾಯಿ ಬೇಗ ಹೋದಳು, ಹಾಗಾಗಿ ನಾನು ಬೆಳೆದದ್ದು ದೊಡ್ಡವ್ವನ ಕೈಯಲ್ಲಿ, ಇವನ ಜೊತೆ ಕಿತ್ತಾಡಿಕೊಂಡು. ಚಿನ್ನಿದಾಂಡು ಆಡಿದರೂ ಸೋತು ಅಳುತ್ತಿದ್ದವನು ಇವನು. ಕುಣಿಗಲ್ ಹತ್ತಿರ ಹೆದ್ದಾರಿ ಪಕ್ಕದ ಜಮೀನು ಮಾರಿದ ಮೇಲೆ ಇವನಿಗೆ ದುಡ್ಡು ಬಂತು, ದುಡ್ಡಿನ ಹಿಂದೆ ಬೆಂಗಳೂರಿನ ಸ್ನೇಹಿತರು ಬಂದರು, ಅವರ ಹಿಂದೆ ಗಾಲ್ಫ್ ಬಂತು.

ನನಗೆ ಈ ಆಟ ಬಂದದ್ದು ಬೇರೆ ದಾರಿಯಿಂದ. ನನ್ನ ಯಜಮಾನರು ಸೈನ್ಯದಲ್ಲಿದ್ದರು. ಕಂಟೋನ್ಮೆಂಟ್ ಊರುಗಳಲ್ಲಿ ಹುಲ್ಲಿನ ಮೈದಾನ ಇರುತ್ತದೆ, ಉದ್ದನೆಯ ಬೆಳಗುಗಳಿರುತ್ತವೆ, ಆಫೀಸರನ ಹೆಂಡತಿಗೆ ಮಾಡಲು ಕೆಲಸ ಮಾತ್ರ ಇರುವುದಿಲ್ಲ. ಯಜಮಾನರು ನನ್ನೆದುರು ಸೋತು ಸೋತು ಬ್ಯಾಡ್ಮಿಂಟನ್ನಿಗೆ ಹೋದರು, ನಾನು ಬಿಡಲಿಲ್ಲ. ಎಷ್ಟೋ ಊರುಗಳ ಮೈದಾನಗಳನ್ನು ನಡೆದು ತುಳಿದಿದ್ದೇನೆ. ಒಳ್ಳೆಯದು ಯಾವುದು, ಬರೀ ಬಣ್ಣ ಬಳಿದದ್ದು ಯಾವುದು ಎಂದು ನನ್ನ ಮಂಡಿಗಳಿಗೇ ಗೊತ್ತಾಗುತ್ತದೆ.

ಇದು ತಮ್ಮನಿಗೆ ನೆನಪಾದದ್ದು ಅರ್ಧ ಕೆಲಸ ಮುಗಿದ ಮೇಲೆ. ಬೆಳ್ಳಾವಿಯಿಂದ ಗುಬ್ಬಿಗೆ ಹೋಗುವ ಕಡೆ ಇರುವ ಮನೆತನದ ಜಮೀನಿನ ತಗ್ಗಿನ ಭಾಗದಲ್ಲಿ ಚೆಂಡು ಬೀಳಿಸುವ ಒಂಬತ್ತು ಕುಳಿಗಳ ಮೈದಾನ ಆಗಲೇ ತಯಾರಾಗಿತ್ತು. ಮೇಲಿನ ಭಾಗದಲ್ಲಿ ಇನ್ನೂ ಒಂಬತ್ತು ಆಗಬೇಕಿತ್ತು. ಅದನ್ನೂ ಮೊದಲಿನದನ್ನು ಮಾಡಿದ ಆರ್ಕಿಟೆಕ್ಟಿಗೇ ಕೊಡುವುದೋ ಬೇಡವೋ ಎಂಬುದು ಇವನ ಚಿಂತೆ. ಫೋನು ಮಾಡಿ, ಅಕ್ಕ, ನೀನು ನೋಡಿ ಹೂಂ ಅಂದರೆ ಕೊಡುತ್ತೇನೆ, ಇಲ್ಲವಾದರೆ ಕೈಬಿಡುತ್ತೇನೆ ಎಂದ. ಅವನ ಹೆಂಡತಿಗೂ ಇಷ್ಟು ಅಧಿಕಾರ ಅವನು ಕೊಟ್ಟವನಲ್ಲ.

ಆರ್ಕಿಟೆಕ್ಟ್ ಬೆಂಗಳೂರಿನವನು. ಬಿಳಿ ಟೋಪಿ, ಕಪ್ಪು ಕನ್ನಡಕ, ಕಂಕುಳಲ್ಲಿ ನಕ್ಷೆಯ ಸುರುಳಿ. ನನ್ನನ್ನು ನೋಡಿದ ಕೂಡಲೇ, ಮೇಡಂ ಬ್ಯಾಟರಿ ಗಾಡಿಯಲ್ಲಿ ಕೂರಲಿ, ನಡೆಯುವುದು ಕಷ್ಟವಾಗುತ್ತದೆ ಎಂದ. ನಡೆಯದೆ ಮೈದಾನ ನೋಡುವುದು ಹೇಗೆ ಎಂದು ನನಗಂತೂ ತಿಳಿಯದು. ನಾನು ನಡೆದೆ. ಆತನೂ ನಡೆಯಬೇಕಾಯಿತು, ತಮ್ಮ ಮಾತ್ರ ಗಾಡಿಯಲ್ಲಿ ಕೂತು ಹಿಂದೆ ಬಂದ.

ಹೊಗಳುವುದನ್ನು ಮೊದಲು ಮುಗಿಸಿಬಿಡುತ್ತೇನೆ, ಹೆಚ್ಚು ಹೊತ್ತು ಹಿಡಿಯುವುದಿಲ್ಲ. ನೀರಿನ ಓಟ ಆತನಿಗೆ ಅರ್ಥವಾಗುತ್ತದೆ. ಹಿಂದಿನ ದಿನ ಜೋರು ಮಳೆಯಾಗಿದ್ದರೂ ಎಲ್ಲಿಯೂ ಕಾಲು ಹೂತುಕೊಳ್ಳಲಿಲ್ಲ, ನೀರೆಲ್ಲ ಇಳಿಜಾರು ಹಿಡಿದು ಹಳೆಯ ಕಟ್ಟೆಗೇ ಹೋಗಿ ಸೇರಿತ್ತು. ಮೂರನೆಯ ಕುಳಿಯ ಬಳಿ ಹಳೆಯ ಹೊಂಗೆ ಮರಗಳನ್ನು ಕಡಿಯದೆ ಉಳಿಸಿದ್ದ. ಚೆಂಡನ್ನು ಆ ಮರಗಳ ಮೇಲಿಂದ ಹಾರಿಸುವುದೋ, ಸುತ್ತಿ ಬರುವುದೋ ಎಂದು ಆಡುವವನು ನಿಂತು ಯೋಚಿಸಬೇಕು. ಯೋಚಿಸುವಂತೆ ಮಾಡಿದರೆ ಅದು ಒಳ್ಳೆಯ ಮೈದಾನ. ಉಳಿದ ಎಂಟು ಕುಳಿಗಳಲ್ಲಿ ಯಾರೂ ಏನನ್ನೂ ಯೋಚಿಸಬೇಕಾಗಿಲ್ಲ.

ಮರಳು ತುಂಬಿದ ಹೊಂಡಗಳನ್ನು ಬಂಕರ್ ಎನ್ನುತ್ತಾರೆ. ದಾರಿ ತಪ್ಪಿದ ಚೆಂಡು ಅದರಲ್ಲಿ ಬಿದ್ದು, ಹೊಡೆದವನು ಬೆವರು ಸುರಿಸಬೇಕು, ಅದಕ್ಕೆಂದೇ ಅವು ಇರುವುದು. ಈ ಮಹಾಶಯನ ಹೊಂಡಗಳು ಎಲೆಯ ಆಕಾರ, ಮೋಡದ ಆಕಾರ, ಒಂದು ಮಾವಿನಕಾಯಿಯ ಆಕಾರ. ಯಾಕೆ ಹೀಗೆ ಎಂದರೆ ಡ್ರೋನ್‌ನಲ್ಲಿ ಚೆನ್ನಾಗಿ ಕಾಣುತ್ತದಂತೆ. ಆಡುವವರು ನೆಲದ ಮೇಲಿರುತ್ತಾರಪ್ಪ, ಹದ್ದುಗಳಲ್ಲ ಎಂದೆ. ಕಡೆಯ ಕುಳಿಯ ದಿಕ್ಕು ನೇರ ಪಡುವಣಕ್ಕೆ. ಸಂಜೆ ಆಟ ಮುಗಿಸುವವನು ಕಣ್ಣಿಗೆ ಕೈ ಅಡ್ಡ ಹಿಡಿಯಲೋ, ಕೋಲು ಹಿಡಿಯಲೋ? ಇನ್ನು ತೆಂಗಿನ ಸೀಮೆಗೆ ಎಲ್ಲಿಂದಲೋ ಅಲಂಕಾರದ ಪಾಮ್ ಗಿಡ ತಂದು ನೆಟ್ಟಿದ್ದ. ತೆಂಗಿಗೆ ಏನಾಗಿತ್ತು ಧಾಡಿ ಎಂದು ಕೇಳಿದೆ. ಕಾಯಿ ತಲೆಯ ಮೇಲೆ ಬೀಳುತ್ತದೆ ಮೇಡಂ ಎಂದ. ಮಾತೇನೋ ಸರಿಯೇ, ಆದರೂ ಸಿಟ್ಟು ಇಳಿಯಲಿಲ್ಲ.

ಆರನೆಯ ಕುಳಿಗೆ ಬರುವಷ್ಟರಲ್ಲಿ ಒಳಗುಟ್ಟು ತಿಳಿಯಿತು. ಚೆಂಡು ಸಾಗುವ ಹುಲ್ಲಿನ ದಾರಿಗಳೆಲ್ಲ ಬಲಕ್ಕೇ ಬಾಗಿದ್ದವು, ಹೊಂಡಗಳೆಲ್ಲ ಎಡಗಡೆಗೇ ಇದ್ದವು. ತಮ್ಮನಿಗೆ ಒಂದು ಚೆಂಡು ಹೊಡೆ ಎಂದೆ. ಹೊಡೆದ. ಚೆಂಡು ನೆಟ್ಟಗೆ ಹೊರಟು, ಅರ್ಧ ದಾರಿಯಲ್ಲಿ ಬಲಕ್ಕೆ ತಿರುಗಿ, ಆ ಬಾಗಿದ ದಾರಿಯ ನಟ್ಟನಡುವೆ ಹೋಗಿ ಕೂತಿತು. ಇನ್ನೊಂದು ಹೊಡೆಸಿದೆ, ಅದೂ ಅಲ್ಲಿಗೇ. ಚೆಂಡು ಬಲಕ್ಕೆ ಹೋಗುವುದು ಕಲಿಯದವರ ದೋಷ, ಒಳ್ಳೆಯ ಗುರು ಅದನ್ನು ತಿದ್ದುತ್ತಾನೆ. ಈತ ತಿದ್ದುವ ಗೋಜಿಗೇ ಹೋಗದೆ ಮೈದಾನವನ್ನೇ ಬಗ್ಗಿಸಿಬಿಟ್ಟಿದ್ದ. ತಮ್ಮ ಬೀಗುತ್ತಾ ನಿಂತಿದ್ದ. ಇಂಥ ವಿದ್ಯೆಗೆ ಹೊಗಳುಭಟ್ಟಂಗಿತನ ಎನ್ನುತ್ತಾರೆಯೇ ಹೊರತು ವಾಸ್ತುಶಿಲ್ಪ ಎನ್ನುವುದಿಲ್ಲ. ಇದನ್ನು ಇಬ್ಬರ ಎದುರಿಗೇ ಹೇಳಿದೆ. ಆರ್ಕಿಟೆಕ್ಟ್ ಕನ್ನಡಕ ತೆಗೆದು ಒರೆಸಿಕೊಂಡ. ತಮ್ಮನಿಗೆ ನಾನು ಯಾರನ್ನು ಬೈಯುತ್ತಿದ್ದೇನೆಂದೇ ತಿಳಿಯಲಿಲ್ಲ.

ಊಟವಾದ ಮೇಲೆ ಮೇಲಿನ ಭಾಗಕ್ಕೆ ಹೋದೆವು. ಅಲ್ಲಿ ಇನ್ನೂ ಏನೂ ಆಗಿರಲಿಲ್ಲ, ಅಳತೆಯ ಗೂಟಗಳು ಮಾತ್ರ ಇದ್ದವು. ಆರ್ಕಿಟೆಕ್ಟ್ ನಕ್ಷೆ ಬಿಡಿಸಿ, ಹೊಸ ಆಟ ಶುರುವಾಗುವುದು ಇಲ್ಲಿಂದ ಎಂದು ಒಂದು ಕಡೆ ಬೆರಳಿಟ್ಟ. ಪ್ರತಿ ಕುಳಿಗೂ ಮೊದಲ ಹೊಡೆತ ಹೊಡೆಯಲು ಒಂದು ಎತ್ತರದ ಜಾಗ ಇರುತ್ತದೆ. ಅದಕ್ಕೆ ಇಲ್ಲಿ ಮಣ್ಣು ಏರಿಸುವ ಕೆಲಸವೇ ಇಲ್ಲ, ದೇವರು ಕೊಟ್ಟ ದಿಬ್ಬವೇ ಇದೆ, ನೆರಳಿಗೆ ಒಂದು ಮರವೂ ಇದೆ, ಬೆಳಗ್ಗೆ ನಿಂತರೆ ಎದುರಿಗೆ ದೇವರಾಯನದುರ್ಗದ ಬೆಟ್ಟ ಎಂದು ಉತ್ಸಾಹದಿಂದ ಹೇಳಿದ. ನಾನು ನಕ್ಷೆಯಿಂದ ತಲೆ ಎತ್ತಿ ದಿಬ್ಬ ನೋಡಿದೆ. ಮರ ಪತ್ರೆ ಮರ. ದಿಬ್ಬದಲ್ಲಿ ಇದ್ದವಳು ನನ್ನ ದೊಡ್ಡವ್ವ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ ತುಂಬಿ ಮಣ್ಣು ಮಾಡುತ್ತೇವೆ. ದೊಡ್ಡವ್ವನನ್ನು ಅಲ್ಲಿ ಕೂರಿಸಿದಾಗ ನಾನೂ ಒಂದು ಹಿಡಿ ಮಣ್ಣು ಹಾಕಿದ್ದೆ. ಕಲ್ಲು ಗಿಲ್ಲು ನೆಡಬೇಡಿ, ಕುರಿ ಮೇಯಲಿ ಎಂದು ಅವಳೇ ಹೇಳಿ ಹೋಗಿದ್ದಳು. ಕಲ್ಲಿಲ್ಲದ್ದರಿಂದ ಅದು ಬೆಂಗಳೂರಿನವನ ಕಣ್ಣಿಗೆ ದೇವರು ಕೊಟ್ಟ ದಿಬ್ಬವಾಗಿತ್ತು. ಆತನಿಗೆ ಗೊತ್ತಿಲ್ಲ, ಸರಿ. ಇವನಿಗೆ?

ತಮ್ಮನನ್ನು ಪಕ್ಕಕ್ಕೆ ಕರೆದು ಕೇಳಿದೆ. ಅವನು ನನ್ನ ಮುಖ ನೋಡಲಿಲ್ಲ. ಆರ್ಕಿಟೆಕ್ಟ್ ಮೊದಲೇ ಕೇಳಿದ್ದನಂತೆ, ಇಲ್ಲಿ ಏನಾದರೂ ಇದೆಯಾ ಸರ್ ಎಂದು. ಏನೂ ಇಲ್ಲ, ಮಣ್ಣಿನ ಗುಡ್ಡೆ ಎಂದು ಇವನೇ ಹೇಳಿದ್ದನಂತೆ. ಇದಕ್ಕಿಂತ ಒಳ್ಳೆಯ ಜಾಗ ಇಡೀ ಜಮೀನಿನಲ್ಲಿ ಇಲ್ಲವಂತೆ.

"ಕಲ್ಲಿಲ್ಲ, ಹೆಸ್ರಿಲ್ಲ, ಯಾರಿಗಕ್ಕ ಗೊತ್ತಾಗ್ತದೆ? ಮಣ್ಣು ಮಣ್ಣಾಗೋಯ್ತು, ಬುಡು."

"ನಿಂಗ್ ಗೊತ್ತಲ್ವೇನ್ಲಾ?" ಎಂದೆ.

ಬೆಳಗಿನಿಂದ ಆರ್ಕಿಟೆಕ್ಟಿನ ಮೇಲೆ ಸುರಿದ ತಿರಸ್ಕಾರವೆಲ್ಲ ಆ ಕ್ಷಣಕ್ಕೆ ದಂಡವೆನಿಸಿತು. ಪಾಪದವನು ಬರೀ ಅಂದದ ಹೊಂಡ ತೋಡಿದ್ದ, ಅಷ್ಟೇ. ಇವನು ಹೆತ್ತವಳ ನೆತ್ತಿಯ ಮೇಲೆ ಗಿರಾಕಿಗಳನ್ನು ನಿಲ್ಲಿಸಲು ಹೊರಟಿದ್ದ. ನನಗೆ ಮೈಯೆಲ್ಲ ಉರಿಯಿತು. ನೀನು ಹೇಳುತ್ತೀಯೋ, ನಾನೇ ಹೋಗಿ ಆತನಿಗೆ ಹೇಳಲೋ ಎಂದೆ. ಅವನಿಗೂ ರೇಗಿತು. ಅದು ಬರೀ ಮಣ್ಣು, ಹತ್ತಿ ಹೊಡೆದು ತೋರಿಸುತ್ತೇನೆ, ನೋಡುತ್ತಿರು ಎಂದು ಗಾಡಿಯಿಂದ ಕೋಲು ಎಳೆದುಕೊಂಡು ದಿಬ್ಬದ ಕಡೆಗೆ ದಾಪುಗಾಲು ಹಾಕಿದ.

ನಮ್ಮ ಮಾತು ಆರ್ಕಿಟೆಕ್ಟಿಗೆ ಕೇಳಿಸಿರಲಿಲ್ಲ. ಮೈದಾನದ ಮಾಲೀಕರು ಉದ್ಘಾಟನೆಯ ಹೊಡೆತ ಹೊಡೆಯುತ್ತಾರೆಂದು ತಿಳಿದು ಮೊಬೈಲು ಎತ್ತಿ ವಿಡಿಯೊಗೆ ಸಿದ್ಧನಾದ. ತಮ್ಮ ದಿಬ್ಬ ಹತ್ತಿ, ಚೆಂಡು ಕೂರಿಸುವ ಸಣ್ಣ ಮೊಳೆಯನ್ನು ನೆಲಕ್ಕೆ ಚುಚ್ಚಿ, ಚೆಂಡಿಟ್ಟು ಕೋಲು ಎತ್ತಿದ. ಆರ್ಕಿಟೆಕ್ಟ್ ಮೊಬೈಲನ್ನು ನಿಧಾನವಾಗಿ ಕೆಳಗಿಳಿಸಿದ. ಆತ ನೋಡುತ್ತಿದ್ದುದು ದಿಬ್ಬದ ಬುಡವನ್ನು. ಅಲ್ಲಿ ತಮ್ಮನ ಬಿಳಿ ಷೂಗಳು ಒಂದರ ಪಕ್ಕ ಒಂದು ಇದ್ದವು, ಸಾಕ್ಸು ಮಡಿಸಿ ಒಳಗೆ ತುರುಕಿತ್ತು. ಎಡೆ ಇಡಲು ಬಂದಾಗಲೆಲ್ಲ ಬಿಡುವ ಹಾಗೆ, ತನಗೇ ತಿಳಿಯದಂತೆ, ಬಿಟ್ಟು ಹತ್ತಿದ್ದ.

"ಸರ್, ಇಲ್ಲಿ ಯಾರಿದ್ದಾರೆ?" ಎಂದು ಆರ್ಕಿಟೆಕ್ಟ್ ಮೆಲ್ಲಗೆ ಕೇಳಿದ.

ಯಾರೂ ಇಲ್ಲ ಎನ್ನಲು ತಮ್ಮ ಬಾಯಿ ತೆರೆದ. ಆಮೇಲೆ ತನ್ನ ಕಾಲು ನೋಡಿಕೊಂಡ. ಎತ್ತಿದ ಕೋಲು ತಾನಾಗಿಯೇ ಕೆಳಗಿಳಿಯಿತು.

"ನಮ್ಮವ್ವ ಅವ್ಳೆ," ಎಂದ.

ಅಲ್ಲಿಯೇ ಕುಕ್ಕರುಗಾಲಲ್ಲಿ ಕೂತು ಮೊಳೆ ಕಿತ್ತ. ಆ ಪುಟ್ಟ ತೂತಿಗೆ ಚಿಟಿಕೆ ಮಣ್ಣು ಹಾಕಿ ಹೆಬ್ಬೆರಳಿಂದ ಒತ್ತಿದ, ಮತ್ತೆ ಒತ್ತಿದ. ಆರ್ಕಿಟೆಕ್ಟ್ ನಕ್ಷೆ ಬಿಡಿಸಿ, ದಿಬ್ಬದ ಸುತ್ತ ದೊಡ್ಡದೊಂದು ಗೆರೆ ಎಳೆದು, ಅದರೊಳಗೆ ಬರೆದಿದ್ದನ್ನೆಲ್ಲ ಹೊಡೆದುಹಾಕಿದ. ಆತನ ಕೆಲಸಗಳಲ್ಲಿ ನಾನು ಮನಸಾರೆ ಮೆಚ್ಚಿದ್ದು ಆ ಗೆರೆ. ಉಳಿದ ಜಾಗದಲ್ಲಿ ಏನು ಬೇಕಾದರೂ ಮಾಡಿಕೊಳ್ಳಲಿ, ನನ್ನದು ಹೂಂ ಎಂದು ಹೇಳಿದೆ.

ತಮ್ಮ ಕೆಳಗಿಳಿದು ನೆಲದ ಮೇಲೆ ಕೂತು ಷೂ ಹಾಕಿಕೊಂಡ. ಲೇಸು ಕಟ್ಟಲು ಹೋದರೆ ಮೂಗು ಸೋರುತ್ತಿತ್ತು, ಗಂಟು ಕೂರಲೊಲ್ಲದು. ತಲೆ ಎತ್ತಿ ನನ್ನನ್ನು ನೋಡಿದ. ನಾನು ಬಗ್ಗಲಿಲ್ಲ. ದೊಡ್ಡವ್ವ ಇದ್ದಿದ್ದರೆ ಬೈದುಕೊಂಡೇ ಕಟ್ಟುತ್ತಿದ್ದಳು.