ಪೀರ್‌ಬೀ ಹೊದಿಸಿದ ಕೌದಿ

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಸಿಂಧನೂರಿನ ಗಿರಾಕಿಗಳಿಗೆಲ್ಲ ಗೊತ್ತು. ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇಟ್ಟು ಹದಿನಾಲ್ಕು ವರ್ಷವಾಯಿತು. ಇಲ್ಲಿನ ಗಾಳಿಯಲ್ಲೇ ರೈಸ್‌ಮಿಲ್ಲುಗಳ ಹೊಟ್ಟಿನ ಧೂಳಿದೆ. ಅದು ಫ್ಯಾನಿನೊಳಗೆ ಹೋಗಿ ಕೂತರೆ ಯಂತ್ರ ಕಾದ ಹಂಚಾಗುತ್ತದೆ. ತಂದವರಿಗೆಲ್ಲ ಮೊದಲು ಬೈಯುತ್ತೇನೆ, ಆಮೇಲೆ ರಿಪೇರಿ ಮಾಡುತ್ತೇನೆ. ಪೀರ್‌ಬೀಗೂ ಬೈದೆ. ನೆನೆದರೆ ಈಗ ನಾಲಿಗೆ ಕಿತ್ತುಕೊಳ್ಳಬೇಕು ಅನ್ನಿಸುತ್ತದೆ.

ಪೀರ್‌ಬೀಯ ತವರು ಮುದಗಲ್. ಹದಿನೆಂಟಕ್ಕೆ ಮದುವೆಯಾಗಿ ಸಿಂಧನೂರಿನ ಹತ್ತಿರದ ಸಾಲಗುಂದಕ್ಕೆ ಬಂದಳು. ಮಗಳು ನಗ್ಮಾ ಇನ್ನೂ ಮೂರು ವರ್ಷದ ಕೂಸಾಗಿದ್ದಾಗ ಗಂಡ ಅಲ್ಲಾಬಕ್ಷ್ ತೀರಿಕೊಂಡ. ಅಂದಿನಿಂದ ತಾಯಿ ಮಗಳ ಹೊಟ್ಟೆ ತುಂಬಿಸಿದ್ದು ಒಂದು ಸೂಜಿ. ಜನ ಹಳೆಯ ಸೀರೆ, ಧೋತರಗಳನ್ನು ಗಂಟು ಕಟ್ಟಿ ತಂದುಕೊಡುತ್ತಿದ್ದರು. ಆಕೆ ಪದರದ ಮೇಲೆ ಪದರ ಹಾಸಿ, ಬೆರಳಗಲಕ್ಕೊಂದು ಸಾಲು ಹೊಲಿಗೆ ಹಾಕಿ ಕೌದಿ ಮಾಡಿಕೊಡುತ್ತಿದ್ದಳು. ಮಸ್ಕಿ, ಲಿಂಗಸುಗೂರಿನ ಬಾಣಂತಿಯರ ಮನೆಯವರೂ ಆಕೆಯನ್ನೇ ಹುಡುಕಿಕೊಂಡು ಬರುತ್ತಿದ್ದರು. ಪೀರ್‌ಬೀ ಹೊಲಿದ ಕೌದಿಯಲ್ಲಿ ಮಲಗಿದ ಕೂಸಿಗೆ ನೆಗಡಿ ಸುಳಿಯುವುದಿಲ್ಲ ಎಂದು ಹೆಂಗಸರು ಹೇಳುತ್ತಿದ್ದರು.

ಆ ದುಡಿಮೆಯಲ್ಲೇ ನಗ್ಮಾ ಬಿ.ಎಡ್. ತನಕ ಓದಿದಳು. ತರಗತಿಯಲ್ಲಿ ಪಾಠ ಮಾಡುವಾಗ ನಾಲಿಗೆ ತೊದಲಬಾರದೆಂದು ಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ನಿಂತು ಪಾಠ ಹೇಳಿ, ಅದನ್ನೇ ರೆಕಾರ್ಡ್ ಮಾಡಿಕೊಳ್ಳುತ್ತಿದ್ದಳು. ಎದುರಿಗೆ ಕೂರುತ್ತಿದ್ದ ವಿದ್ಯಾರ್ಥಿನಿ ಒಬ್ಬಳೇ, ಅಕ್ಷರ ಬಾರದ ಪೀರ್‌ಬೀ. ಹೋದ ಮಳೆಗಾಲದಲ್ಲಿ ಹುಡುಗಿಗೆ ಜ್ವರ ಬಂತು. ಐದನೇ ದಿನಕ್ಕೆ ಇಲ್ಲ. ಇಪ್ಪತ್ಮೂರು ವರ್ಷವಷ್ಟೇ. ಎರಡು ಮೂರು ಫೋಟೋ ಉಳಿದವು. ದನಿ ಮಾತ್ರ ಆ ಲ್ಯಾಪ್‌ಟಾಪ್ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಒಟ್ಟು ಒಂಬತ್ತು ಪಾಠ. ಯಾವ ಗುಂಡಿ ಒತ್ತಬೇಕೆಂದು ಮಗಳೇ ಕಲಿಸಿದ್ದಳು. ಮಧ್ಯಾಹ್ನದ ನಮಾಜ್ ಮುಗಿಸಿ ದಿನಕ್ಕೊಂದು ಪಾಠ ಕೇಳಿ, ಆಮೇಲೆ ಊಟಕ್ಕೆ ಏಳುತ್ತಿದ್ದಳು ಪೀರ್‌ಬೀ.

ಚಳಿಗಾಲದಲ್ಲಿ ಒಂದು ದಿನ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ನನ್ನ ಅಂಗಡಿಗೆ ಬಂದಳು.

“ಯಪ್ಪಾ ಚನ್ನವೀರ, ಇದರ ಮೈ ಸುಡಾಕತ್ತೈತಿ. ಆಕಿ ಮಾತಾಡಿಕೋತ ಮಾತಾಡಿಕೋತ ನಡುವ ನಿಂತುಬಿಡ್ತಾಳ. ಮುಟ್ಟಿ ನೋಡು, ಜ್ವರ ಬಂದಂಗ ಆಗೈತಿ.”

ಬಿಚ್ಚಿದೆ. ಫ್ಯಾನಿನ ತುಂಬ ಹೊಟ್ಟಿನ ಧೂಳು.

“ಏನ್ ಬೇ ಯಮ್ಮಾ ಇದು! ಮಷೀನ್ ಇದು, ಧಾನ್ಯದ ಚೀಲ ಅಲ್ಲ! ಈ ಧೂಳಿಗೇ ಕೆಟ್ಟೈತಿ. ಇನ್ಮ್ಯಾಲೆ ಒಂದ್ ಕಣ ಧೂಳು ಬೀಳಬಾರದು, ತಿಳೀತಾ?”

“ತಿಳೀತಪ್ಪಾ, ತಿಳೀತು. ಬೀಳಗೊಡೂದಿಲ್ಲ.”

ಎಲ್ಲ ಸ್ವಚ್ಛ ಮಾಡಿದರೂ ಫ್ಯಾನು ಸವೆದಿತ್ತು, ತಿರುಗಲು ತಿಣುಕುತ್ತಿತ್ತು. ಹೊಸದು ತರಿಸಬೇಕು. ನಾಲ್ಕು ಸಲ ಒತ್ತಿದ ಮೇಲೆ ಲ್ಯಾಪ್‌ಟಾಪ್ ಚಾಲೂ ಆಯಿತು. ಆಗಲೇ ಒಂದು ತಾಸು ಕೂತು ಆ ಒಂಬತ್ತು ಪಾಠಗಳನ್ನು ಬೇರೆ ಕಡೆಗೆ ಇಳಿಸಿಕೊಳ್ಳಬೇಕಿತ್ತು. ಹದಿನಾಲ್ಕು ವರ್ಷದ ಅನುಭವದವನಿಗೆ ಅಷ್ಟೂ ತಿಳಿಯಲಿಲ್ಲವೇ? ತಿಳಿದಿತ್ತು. ಆದರೆ ಅಂಗಡಿ ಮುಂದೆ ಹತ್ತು ಜನ ನಿಂತಿದ್ದರು, ನಾನು ತುಂಬಿಕೊಡುವ ಸ್ಕಾಲರ್‌ಶಿಪ್ ಅರ್ಜಿಗಳಿಗೆ ಅದೇ ಕೊನೆಯ ದಿನ, ನನ್ನ ತಲೆ ಗಿರ್ ಎನ್ನುತ್ತಿತ್ತು.

“ಇಲ್ಲೇ ಬಿಟ್ಟು ಹೋಗು. ನಾಳೆ ಮುಂಜಾನೆ ಪೆನ್‌ಡ್ರೈವಿಗೆ ಹಾಕಿ ಕೊಡ್ತೀನಿ” ಎಂದೆ.

“ಇಲ್ಲಿ? ಆಕಿನ್ನ ಒಬ್ಬಾಕಿನ್ನ ಬಿಟ್ಟು ಹೋಗಲೇನು?”

ನನಗೆ ಸಿಟ್ಟು ನೆತ್ತಿಗೇರಿತು. “ಹಂಗಾರ ತಗೊಂಡು ಹೋಗು! ಬಂದ್ ಮಾತ್ರ ಮಾಡಬ್ಯಾಡ ಮತ್ತ. ಬಂದ್ ಮಾಡಿದ್ರ ಚಾಲೂ ಆಗೂದು ಕಷ್ಟ ಐತಿ. ಮನೀಗೆ ಹೋದಕೂಡ್ಲೆ ಚಾರ್ಜರ್ ಹಚ್ಚು. ನಾಳೆ ಹತ್ತಕ್ಕ ಬಾ.”

ಧೂಳು ಬೀಳಬಾರದು ಎಂದೆ. ಬಂದ್ ಮಾಡಬಾರದು ಎಂದೆ. ಗಾಳಿಯಾಡಲು ಬಿಡು, ಮುಚ್ಚಬೇಡ ಎನ್ನುವುದನ್ನು ಹೇಳಲಿಲ್ಲ. ಅದನ್ನೂ ಹೇಳಬೇಕಾಗುತ್ತದೆ ಎಂದು ನನ್ನ ಮಂಡೆಗೆ ಹೊಳೆಯಲಿಲ್ಲ.

ಮರುದಿನ ಹತ್ತು ಗಂಟೆಗೆ ಮುಂಚೆಯೇ ಬಂದಳು. ಬಗಲಲ್ಲಿ ಕೌದಿಯ ಗಂಟು. ನಗ್ಮಾಳ ಹಳೆಯ ಚೂಡಿದಾರ, ದುಪಟ್ಟಾಗಳಲ್ಲೇ ಹೊಲಿದ ಕೌದಿ ಅದು. ಒಳಗಿನ ಲ್ಯಾಪ್‌ಟಾಪಿನ ಪರದೆ ಕಪ್ಪಾಗಿತ್ತು.

“ನೀ ಹೇಳಿದಂಗ ಬಂದ್ ಮಾಡಿಲ್ಲಪ್ಪ. ಚಾರ್ಜರೂ ತೆಗೆದಿಲ್ಲ. ಮಿಲ್ಲಿನ ಧೂಳು ಬರ್ತೈತಿ ಅಂತ ಒಂದು ಸಂದಿನೂ ಬಿಡದಂಗ ಕೌದಿ ಹೊದಿಸಿದೆ. ಚಳಿನೂ ಭಾಳ ಇತ್ತಲ್ಲ. ಮುಂಜಾನೆ ಮುಟ್ಟಿದ್ರ ಒಳಗ ಕೆಂಡ ಇಟ್ಟಂಗಿತ್ತು. ಏನಾಗೈತಿ ನೋಡು ಬೇಟಾ.”

ಏಳು ಪದರದ ಕೌದಿಯೊಳಗೆ ಸವೆದ ಫ್ಯಾನಿನ ಯಂತ್ರ ಬೆಳಗಿನ ತನಕ ಚಾಲೂ ಇತ್ತು. ಬೋರ್ಡು ಸುಟ್ಟಿತ್ತು. ಬೋರ್ಡು ಹೋದರೆ ಹೋಗಲಿ, ಪಾಠಗಳಿದ್ದ ಡಿಸ್ಕನ್ನು ತೆಗೆದು ಬೇರೆ ಲ್ಯಾಪ್‌ಟಾಪಿಗೆ ಜೋಡಿಸಿದೆ. ಟಕ್ ಟಕ್ ಎಂದು ಸದ್ದು ಮಾಡಿತೇ ಹೊರತು ಏನೂ ತೋರಿಸಲಿಲ್ಲ.

ಅಂಗಡಿಗೆ ಬೀಗ ಜಡಿದು, ಪೀರ್‌ಬೀಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಲಿಂಗಸುಗೂರಿಗೆ ಹೊಡೆದೆ. ನನಗೆ ಕೆಲಸ ಕಲಿಸಿದ ಬಾಬುಸಾಬ್ ಅಲ್ಲಿದ್ದಾರೆ. ಅವರ ಕೈಯಲ್ಲಿ ಆಗದ್ದು ಈ ಸೀಮೆಯಲ್ಲಿ ಯಾರ ಕೈಯಲ್ಲೂ ಆಗದು. ದಾರಿಯುದ್ದಕ್ಕೂ ಆಕೆ ಡಿಸ್ಕನ್ನು ಮುಷ್ಟಿಯಲ್ಲಿಟ್ಟುಕೊಂಡು ಏನೋ ಪಠಿಸುತ್ತಿದ್ದಳು. ಬಾಬುಸಾಬ್ ಡಿಸ್ಕನ್ನು ಕಿವಿಗೆ ಹಿಡಿದು ಕೇಳಿದರು, ಮಧ್ಯಾಹ್ನದ ತನಕ ಏನೇನೋ ಮಾಡಿ ನೋಡಿದರು. ಕೊನೆಗೆ ನನ್ನನ್ನು ಬಾಗಿಲ ಹೊರಗೆ ಕರೆದರು.

“ಡಿಸ್ಕಿನೊಳಗಿನ ತಟ್ಟೆನೇ ಗೀಚಿ ಹೋಗೈತಿ ಚನ್ನವೀರ. ಯಾವ ಊರಿಗೆ ಒಯ್ದರೂ ಬರೂದಿಲ್ಲ. ಆಕಿನ್ನ ಊರೂರು ತಿರುಗಿಸಬ್ಯಾಡ.”

ನಾನು ಬಾಯಿ ಬಿಡುವ ಮೊದಲೇ ನನ್ನ ಮುಖ ನೋಡಿ ಪೀರ್‌ಬೀಗೆ ತಿಳಿಯಿತು. ಅಳಲಿಲ್ಲ. ತಿರುಗಿ ಬರುವಾಗ ಮಸ್ಕಿಯಲ್ಲಿ ಚಹಾಕ್ಕೆ ನಿಲ್ಲಿಸಿದೆ. ಆಕೆ ಚಹಾ ಪಕ್ಕಕ್ಕಿಟ್ಟು ಹೇಳಿದಳು:

“ನನಗ ಹೊದಿಸೂದು ಒಂದ ಗೊತ್ತಿತ್ತಪ್ಪ. ಅದರಿಂದ್ಲೇ ಆಕಿನ್ನ ಸಾಕಿದೆ. ಅದರಿಂದ್ಲೇ ಉಸಿರು ಕಟ್ಟಿಸಿದೆ. ಜ್ವರ ಬಂದಾಗ ಆಕಿನ್ನ ಅಲ್ಲಾ ಕರಕೊಂಡ. ಈಗ ಉಳಿದಿದ್ದಷ್ಟನ್ನ ನಾನ ಕೊಂದೆ.”

“ಇಲ್ಲ ಬೇ ಯಮ್ಮಾ. ನಿನ್ನ ತಪ್ಪಲ್ಲ. ಧೂಳು ಬೀಳಬಾರದು ಅಂದಾಂವ ನಾನು, ಬಂದ್ ಮಾಡಬ್ಯಾಡ ಅಂದಾಂವ ನಾನು. ಮುಚ್ಚಬ್ಯಾಡ ಅಂತ ಹೇಳಲಿಲ್ಲ. ಒಂದು ತಾಸು ಕುಂತಿದ್ರ ಎಲ್ಲಾ ಉಳೀತಿತ್ತು. ಸಿಟ್ಟಿಗೆದ್ದು ಕಳಿಸಿಬಿಟ್ಟೆ. ನಿನ್ನ ಮಗಳ ದನಿ ಕಳೆದಾಂವ ನಾನು.” ಹೇಳುತ್ತಾ ಹೇಳುತ್ತಾ ಚಹಾದಂಗಡಿಯ ಜನರೆದುರೇ ಅತ್ತುಬಿಟ್ಟೆ.

ಪೀರ್‌ಬೀ ಸೆರಗಿನಿಂದ ನನ್ನ ಕಣ್ಣು ಒರೆಸಿದಳು. “ಭಾಳ ಒಳ್ಳೆಯಾಂವ ಅದೀ ಬೇಟಾ. ನನ್ನ ಸಮಾಧಾನಕ್ಕ ತಪ್ಪೆಲ್ಲಾ ನಿನ್ನ ಮ್ಯಾಲೆ ಹಾಕ್ಕೊಳ್ಳಾಕತ್ತೀ.”

ಆಣೆ ಮಾಡಿ ಹೇಳಿದೆ. ನಂಬಲಿಲ್ಲ.

ಈಗ ಆಕೆ ಕೂಸುಗಳ ಕೌದಿ ಹೊಲಿಯುವುದಿಲ್ಲ. ಬಟ್ಟೆಯ ಗಂಟು ತಂದವರನ್ನು, “ಬ್ಯಾಡ್ರವ್ವಾ, ನನ್ನ ಕೈಲೆ ಹೊದಿಸೂದು ಬ್ಯಾಡ” ಎಂದು ಬಾಗಿಲಿನಿಂದಲೇ ಕಳಿಸುತ್ತಾಳೆ. ನಾನು ವಾರಕ್ಕೊಮ್ಮೆ ಸಾಲಗುಂದಕ್ಕೆ ಹೋಗುತ್ತೇನೆ. ತಪ್ಪು ನನ್ನದು ಎಂದು ಮತ್ತೆ ಮೊದಲಿನಿಂದ ಹೇಳುತ್ತೇನೆ. ಆಕೆ ಪೂರ್ತಿ ಕೇಳಿಸಿಕೊಂಡು, ನನ್ನ ತಲೆ ಸವರಿ, ಒಳ್ಳೆಯ ಹುಡುಗ ಎನ್ನುತ್ತಾಳೆ.